ಸಿಲಬಸ್‌ನಿಂದ ಒಂದು ಘಟಕ ತೆಗೆಯಿರಿ ಎಂದು ಫೋನ್ ಬಂದರೆ ಅಧ್ಯಯನ ಮಂಡಳಿ ಏನು ಮಾಡಬೇಕು?

ಬಯಲುಸೀಮೆ ಮೇಷ್ಟ್ರು ಕೇಳಿದ್ದು:

ನಮಸ್ಕಾರ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರ ಅಧ್ಯಯನ ಮಂಡಳಿಗೆ (ಒಂದು ವಿಷಯದ ಸಿಲಬಸ್ ರೂಪಿಸುವ ತಜ್ಞರ ಸಮಿತಿ) ಸಂಬಂಧಪಟ್ಟ ಪ್ರಶ್ನೆ. ಸಮಾಜ ವಿಜ್ಞಾನದ ವಿಷಯ. ಸ್ನಾತಕೋತ್ತರ ಮೂರನೇ ಸೆಮಿಸ್ಟರಿನ ಒಂದು ಪತ್ರಿಕೆಯ ನಾಲ್ಕನೇ ಘಟಕವನ್ನು ಮಂಡಳಿ ಶಿಫಾರಸು ಮಾಡಿ, ನಿಕಾಯದ (ಫ್ಯಾಕಲ್ಟಿಯ) ಸಭೆ ಒಪ್ಪಿ, ವಿದ್ಯಾವಿಷಯಕ ಪರಿಷತ್ತು (ಅಕಾಡೆಮಿಕ್ ಕೌನ್ಸಿಲ್) ಅನುಮೋದಿಸಿದೆ. ಪಾಠವೂ ನಡೆಯುತ್ತಿದೆ. ಈಗ ಆಡಳಿತ ಕಚೇರಿಯಿಂದ ಮಂಡಳಿಯ ಅಧ್ಯಕ್ಷರಿಗೆ ಫೋನ್: "ಮೇಲಿನವರಿಗೆ ಅಸಮಾಧಾನ ಇದೆ, ಆ ಘಟಕ ಬಿಟ್ಟುಬಿಡಿ, ಪ್ರಶ್ನೆಪತ್ರಿಕೆಯಲ್ಲೂ ಬರದ ಹಾಗೆ ನೋಡಿಕೊಳ್ಳಿ." ಪತ್ರವಿಲ್ಲ, ಸುತ್ತೋಲೆಯಿಲ್ಲ. ಅದೇ ವಿಷಯದ ಮೇಲೆ ವಿಭಾಗ ಗೊತ್ತುಮಾಡಿದ್ದ ಎರಡು ದಿನದ ವಿಚಾರ ಸಂಕಿರಣಕ್ಕೂ "ಸದ್ಯಕ್ಕೆ ಬೇಡ" ಎಂಬ ಮಾತು.

ಮಂಡಳಿಗೆ ಕಾನೂನಿನ ಬಲ ಎಷ್ಟಿದೆ? ಅಧ್ಯಕ್ಷರು ಕಾಗದದ ಮೇಲೆ ಏನು ಮಾಡಬೇಕು, ಯಾವ ಕ್ರಮದಲ್ಲಿ? ಆ ಘಟಕ ಪಾಠ ಮಾಡುತ್ತಿರುವವರು ಅತಿಥಿ ಉಪನ್ಯಾಸಕರು, ಅವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಹೇಗೆ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ. "ಹೋರಾಟ ಮಾಡಿ" ಅನ್ನುವುದಕ್ಕಿಂತ ಮುಂದೆ ಹೋಗಿ ಹೇಳಿದರೆ ಉಪಕಾರವಾಗುತ್ತದೆ.

---

ಟಪಾಲು ಶಾಖೆ ಉತ್ತರ:

ಮೇಷ್ಟ್ರೇ, ಫೋನಿನಲ್ಲಿ ಬಂದ ಮಾತಿಗೆ ಕಡತದಲ್ಲಿ ಜಾಗವಿಲ್ಲ. ಅದನ್ನು ಯಾರಾದರೂ ಪಾಲಿಸಿದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ಹಾಗಾಗಿ ಆ ಮಾತನ್ನು ಕಡತದೊಳಕ್ಕೆ ತರುವುದೇ ಅಧ್ಯಕ್ಷರ ಮೊದಲ ಕೆಲಸ. ಅದೇ ದಿನ, ಹೆಚ್ಚೆಂದರೆ ಮರುದಿನ ಮಧ್ಯಾಹ್ನದೊಳಗೆ ಕುಲಸಚಿವರಿಗೆ ಒಂದು ಪತ್ರ ಹೋಗಬೇಕು. ಜಗಳದ ಧಾಟಿ ಬೇಡ, ಮಾಮೂಲಿ ಕಚೇರಿ ಕನ್ನಡದಲ್ಲೇ ಇರಲಿ. ಸುಮಾರಾಗಿ ಹೀಗೆ:

"ಉಲ್ಲೇಖ: ವಿದ್ಯಾವಿಷಯಕ ಪರಿಷತ್ತಿನ ದಿನಾಂಕ … ರ ಸಭೆಯ ನಡಾವಳಿ, ವಿಷಯ ಸಂಖ್ಯೆ … . ತಾವು ದಿನಾಂಕ … ರಂದು ದೂರವಾಣಿ ಮೂಲಕ ಮೇಲ್ಕಂಡ ಪತ್ರಿಕೆಯ ನಾಲ್ಕನೇ ಘಟಕವನ್ನು ಕೈಬಿಡುವಂತೆ ತಿಳಿಸಿರುತ್ತೀರಿ. ಸದರಿ ಘಟಕವು ಪರಿಷತ್ತಿನ ಅನುಮೋದನೆ ಪಡೆದು ಜಾರಿಯಲ್ಲಿರುವುದರಿಂದ, ಅದನ್ನು ಕೈಬಿಡಲು ಯಾವ ಪ್ರಾಧಿಕಾರವು ಅಧಿನಿಯಮದ ಯಾವ ಪ್ರಕರಣದಡಿ ತೀರ್ಮಾನಿಸಿದೆ ಎಂಬುದನ್ನು ಆದೇಶದ ಪ್ರತಿಯೊಂದಿಗೆ ತಿಳಿಸಲು ಕೋರಿದೆ. ಅಲ್ಲಿಯವರೆಗೆ ಅನುಮೋದಿತ ಪಠ್ಯಕ್ರಮದಂತೆಯೇ ಬೋಧನೆ ಮುಂದುವರಿಯುತ್ತದೆ."

ಕೊನೆಯ ವಾಕ್ಯವನ್ನು ಬಿಡಬೇಡಿ. ಉತ್ತರ ಬಾರದಿದ್ದರೂ ನಿಮ್ಮ ನಿಲುವು ಏನಿತ್ತು ಎಂಬುದಕ್ಕೆ ಅದೇ ದಾಖಲೆ. ಪತ್ರವನ್ನು ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ವಿಶ್ವವಿದ್ಯಾಲಯದ ಅಧಿಕೃತ ಮೇಲ್‌ನಿಂದಲೂ ಕಳಿಸಿ. ನಿಕಾಯದ ಡೀನರಿಗೂ ಮೌಲ್ಯಮಾಪನ ಕುಲಸಚಿವರಿಗೂ ಪ್ರತಿ ಹೋಗಲಿ. ಅವತ್ತೇ ಸುದ್ದಿಪತ್ರಿಕೆಗಳಿಗೆ ಕೊಡಬೇಡಿ. ಕೊಟ್ಟರೆ ಚರ್ಚೆ ಘಟಕದಿಂದ ನಿಮ್ಮ ನಡತೆಯ ಕಡೆಗೆ ತಿರುಗುತ್ತದೆ, ನೋಟಿಸ್ ಕೊಡಲು ನೆಪವೂ ಸಿಗುತ್ತದೆ.

ಮೌಖಿಕ ಸೂಚನೆಯ ಬಗ್ಗೆ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ನಾಗರಿಕ ಸೇವೆಯ ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಅಂಥ ಸೂಚನೆ ಬಂದರೆ ದಾಖಲಿಸಬೇಕು. ನಮ್ಮ ವಿಶ್ವವಿದ್ಯಾಲಯಗಳ ಕುಲಸಚಿವರನ್ನು ನೇಮಿಸುವುದು ರಾಜ್ಯ ಸರ್ಕಾರ. ಆ ಕುರ್ಚಿಯಲ್ಲಿ ಐಎಎಸ್ ಅಥವಾ ಕೆಎಎಸ್ ಅಧಿಕಾರಿ ಇದ್ದರೆ ಅವರಿಗೆ ಈ ತೀರ್ಪು ಚೆನ್ನಾಗಿಯೇ ಗೊತ್ತಿರುತ್ತದೆ. ಪತ್ರ ಕಂಡ ಮೇಲೆ ಎಷ್ಟೋ ಸಲ ವಿಷಯ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ "ಮೇಲಿನವರು" ಅಂದವರು ತಮ್ಮ ಸಹಿ ಹಾಕಲು ಮುಂದೆ ಬರುವುದಿಲ್ಲ.

ನಿಲ್ಲದಿದ್ದರೆ ಒತ್ತಡ ಬೇರೆ ದಾರಿ ಹಿಡಿಯುತ್ತದೆ. ಹೆಚ್ಚು ಬಳಕೆಯಾಗುವುದು ಕುಲಪತಿಗಳ ತುರ್ತು ಅಧಿಕಾರ. ಸಭೆ ಕರೆಯಲು ಸಮಯವಿಲ್ಲದಾಗ ಕುಲಪತಿ ಪ್ರಾಧಿಕಾರದ ಪರವಾಗಿ ಕ್ರಮ ಕೈಗೊಂಡು ಮುಂದಿನ ಸಭೆಗೆ ವರದಿ ಮಾಡಬಹುದು ಎಂಬ ಅವಕಾಶ ಅದು. ಪರೀಕ್ಷೆ ಮುಂದೂಡುವಂಥ ಕೆಲಸಕ್ಕೆ ಇರುವ ಅಧಿಕಾರವನ್ನು ಪಠ್ಯ ತೆಗೆಯಲು ಬಳಸಿಕೊಳ್ಳುತ್ತಾರೆ. 2010ರಲ್ಲಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಒಂದು ಇಂಗ್ಲಿಷ್ ಕಾದಂಬರಿಯನ್ನು ಪಠ್ಯದಿಂದ ತೆಗೆದದ್ದು ಹೀಗೆಯೇ. ಒಂದು ಪಕ್ಷದ ವಿದ್ಯಾರ್ಥಿ ಘಟಕ ಗಲಾಟೆ ಮಾಡಿತು, ಕುಲಪತಿ ತುರ್ತು ಅಧಿಕಾರ ಚಲಾಯಿಸಿದರು, ಪುಸ್ತಕ ಹೋಯಿತು.

ಇದು ಪರಿಷತ್ತಿನ ಸಭೆಗೆ ಬರುವುದು "ಕುಲಪತಿಗಳು ಕೈಗೊಂಡ ಕ್ರಮಕ್ಕೆ ಘಟನೋತ್ತರ ಅನುಮೋದನೆ" ಎಂಬ ಹೆಸರಿನಲ್ಲಿ. ಕಾರ್ಯಸೂಚಿಯ ಕೊನೆಯಲ್ಲಿ, ಊಟಕ್ಕೆ ಏಳುವ ಹೊತ್ತಿಗೆ, ಹತ್ತಾರು ವಿಷಯಗಳ ಜೊತೆ ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಾರೆ. ಕಾರ್ಯಸೂಚಿ ಕೈಗೆ ಬಂದ ದಿನವೇ ಆ ವಿಷಯವನ್ನು ಬಿಡಿಯಾಗಿ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಲಿಖಿತವಾಗಿ ಕೇಳಿ. ಸಭೆಯಲ್ಲಿ ಒಂದೇ ಪ್ರಶ್ನೆ ಸಾಕು: ತುರ್ತು ಏನಿತ್ತು, ವಿಶೇಷ ಸಭೆ ಕರೆಯಲು ಏನು ಅಡ್ಡಿ ಇತ್ತು? ಒಪ್ಪದವರು ಭಿನ್ನಾಭಿಪ್ರಾಯದ ಟಿಪ್ಪಣಿಯನ್ನು ಅಲ್ಲಿಯೇ ಬರೆದು ಕೊಡಬೇಕು. ನಡಾವಳಿ ಹಂಚಿದಾಗ ಅದರಲ್ಲಿ "ಸರ್ವಾನುಮತದಿಂದ" ಎಂಬ ಪದ ನುಸುಳಿದೆಯೇ ನೋಡಿ. ನುಸುಳಿದ್ದರೆ ಮುಂದಿನ ಸಭೆಯಲ್ಲಿ ನಡಾವಳಿ ದೃಢೀಕರಣವಾಗುವ ಮೊದಲೇ ತಿದ್ದುಪಡಿ ಕೋರಿ ಪತ್ರ ಕೊಡಿ. ದೃಢೀಕರಣವಾದ ಮೇಲೆ ಬಾಯಿ ಬಡಿದುಕೊಂಡರೂ ಪ್ರಯೋಜನವಿಲ್ಲ.

ಪ್ರಶ್ನೆಪತ್ರಿಕೆಯ ದಾರಿ ಇನ್ನೂ ನಯವಾದದ್ದು. ಘಟಕ ಸಿಲಬಸ್‌ನಲ್ಲೇ ಇರುತ್ತದೆ, ಪರೀಕ್ಷೆಗೆ ಬರುವುದಿಲ್ಲ, ಎರಡು ವರ್ಷದಲ್ಲಿ ಪಾಠವೂ ತಾನಾಗಿ ನಿಲ್ಲುತ್ತದೆ. ಪ್ರಶ್ನೆಪತ್ರಿಕೆಯ ಮಾದರಿಯನ್ನೂ ಸಿಲಬಸ್ ಜೊತೆಯಲ್ಲೇ ಮಂಡಳಿಯಲ್ಲಿ ಒಪ್ಪಿಸಿ, "ಪ್ರತಿ ಘಟಕದಿಂದ ಕನಿಷ್ಠ ಒಂದು ಪ್ರಶ್ನೆ ಕಡ್ಡಾಯ" ಎಂದು ಅದರಲ್ಲಿ ಬರೆಸಿಬಿಡಿ. ಆಗ ಘಟಕ ಬಿಟ್ಟ ಪ್ರಶ್ನೆಪತ್ರಿಕೆಯೇ ದೋಷಪೂರ್ಣ ಎನಿಸಿಕೊಳ್ಳುತ್ತದೆ, ದೂರು ಕೊಡಲು ವಿದ್ಯಾರ್ಥಿಗಳಿಗೂ ಆಧಾರ ಸಿಗುತ್ತದೆ.

ಮಂಡಳಿಯ ನಡಾವಳಿ ಬರೆಯುವ ರೀತಿಯ ಬಗ್ಗೆಯೂ ಹೇಳಬೇಕು. "ಚರ್ಚಿಸಿ ಅನುಮೋದಿಸಲಾಯಿತು" ಎಂಬ ಎರಡು ಪದದ ನಡಾವಳಿಯಿಂದ ಯಾವ ಘಟಕವನ್ನೂ ಉಳಿಸಿಕೊಳ್ಳಲಾಗುವುದಿಲ್ಲ. ಈ ಘಟಕ ಯಾಕೆ ಬೇಕು, ಕೋರ್ಸಿನ ಯಾವ ಉದ್ದೇಶ ಇದರಿಂದ ಈಡೇರುತ್ತದೆ, ಬೇರೆ ಯಾವ ವಿಶ್ವವಿದ್ಯಾಲಯಗಳಲ್ಲಿ ಇದಿದೆ, ಓದಬೇಕಾದ ಪುಸ್ತಕಗಳು ಯಾವುವು, ಹೊರಗಿನಿಂದ ಬಂದ ಸದಸ್ಯರು ಏನೆಂದರು — ಇಷ್ಟನ್ನು ಅರ್ಧ ಪುಟದಲ್ಲಾದರೂ ಬರೆಯಿರಿ. ಹೊರಗಿನ ಸದಸ್ಯರ ಅಭಿಪ್ರಾಯ ಅವರ ಸಹಿಯೊಂದಿಗೆ ಇದ್ದರೆ ಇನ್ನೂ ಗಟ್ಟಿ.

---

ಅರ್ಜಿದಾರ ಉತ್ತರ:

ಟಪಾಲು ಶಾಖೆಯವರು ಕಚೇರಿ ಭಾಗ ಹೇಳಿದ್ದಾರೆ, ನಾನು ಕಾನೂನಿನ ಭಾಗ ಹೇಳುತ್ತೇನೆ.

ನಮ್ಮ ಸಂವಿಧಾನದಲ್ಲಿ "ಶೈಕ್ಷಣಿಕ ಸ್ವಾತಂತ್ರ್ಯ" ಎಂಬ ಹೆಸರಿನ ಹಕ್ಕು ಇಲ್ಲ. ಜರ್ಮನಿಯ ಮೂಲ ಕಾನೂನಿನ 5(3)ನೇ ವಿಧಿ ಸಂಶೋಧನೆ, ಬೋಧನೆ ಎರಡೂ ಸ್ವತಂತ್ರ ಎಂದು ನೇರವಾಗಿ ಹೇಳುತ್ತದೆ. ಇಲ್ಲಿ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದ ಮೂಲಕ ಸುತ್ತಿ ಬರಬೇಕು. 1997ರ ಯುನೆಸ್ಕೊ ಶಿಫಾರಸು ಉನ್ನತ ಶಿಕ್ಷಣದ ಬೋಧಕರ ಸ್ವಾತಂತ್ರ್ಯವನ್ನೂ ಸಂಸ್ಥೆಗಳ ಸ್ವಾಯತ್ತತೆಯನ್ನೂ ಒಟ್ಟಿಗೆ ಹೇಳುತ್ತದೆ. ಅರ್ಜಿಯಲ್ಲಿ ಉಲ್ಲೇಖಿಸಲು ಚೆನ್ನಾಗಿದೆ, ಆದರೆ ಅದನ್ನೇ ನೆಚ್ಚಿಕೊಂಡು ಗೆಲ್ಲಲಾಗದು. ಹಾಗಾಗಿ ಹೈಕೋರ್ಟಿಗೆ ಹೋಗುವುದಾದರೆ ದೊಡ್ಡ ತತ್ವವನ್ನು ಮುಂದಿಟ್ಟುಕೊಂಡು ಹೋಗಬೇಡಿ. ಸಿಲಬಸ್‌ನಲ್ಲಿ ಏನಿರಬೇಕು ಎಂಬುದನ್ನು ನ್ಯಾಯಾಲಯ ಸಾಮಾನ್ಯವಾಗಿ ತಜ್ಞರಿಗೇ ಬಿಡುತ್ತದೆ. "ತಜ್ಞರ ಮಂಡಳಿ ತೀರ್ಮಾನಿಸಿದ್ದನ್ನು ಅಧಿಕಾರವೇ ಇಲ್ಲದವರು ಬದಲಿಸಿದ್ದಾರೆ" ಎಂಬುದು ನಿಮ್ಮ ವಾದವಾಗಬೇಕು. ಆಗ ನ್ಯಾಯಾಲಯದ ಆ ಹಿಂಜರಿಕೆಯೇ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಇದಕ್ಕೆ ಗಟ್ಟಿ ಆಧಾರ ಎರಡಿವೆ. ಒಂದು, ಕಾನೂನು ಯಾರಿಗೆ ವಿವೇಚನೆ ಕೊಟ್ಟಿದೆಯೋ ಅವರೇ ಅದನ್ನು ಬಳಸಬೇಕು, ಇನ್ನೊಬ್ಬರ ಅಪ್ಪಣೆಯಂತೆ ಬಳಸಿದರೆ ಆ ತೀರ್ಮಾನ ನಿಲ್ಲುವುದಿಲ್ಲ. 1995ರ ಅನಿರುದ್ಧಸಿಂಹಜಿ ಜಡೇಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಎರಡು, 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು: ಆದೇಶದಲ್ಲಿ ಬರೆದ ಕಾರಣಗಳ ಮೇಲೆಯೇ ಆದೇಶವನ್ನು ಪರೀಕ್ಷಿಸಬೇಕು, ಆಮೇಲೆ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಹೊಸ ಕಾರಣ ಸೇರಿಸುವಂತಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ಪತ್ರ ಮುಖ್ಯವಾಗುವುದು ಇಲ್ಲಿಯೇ. ಅವರಿಂದ ಒಂದು ಸಾಲು ಬರೆಸಿಕೊಂಡರೆ, ಅವರು ಆ ಸಾಲಿಗೆ ಕಟ್ಟುಬೀಳುತ್ತಾರೆ.

ರಿಟ್ ಅರ್ಜಿ ಸಂವಿಧಾನದ 226ನೇ ವಿಧಿಯಡಿ, ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ವ್ಯಾಪ್ತಿಯದು ಯಾವುದೋ ಅಲ್ಲಿ. ಅಧ್ಯಾಪಕರೊಬ್ಬರೇ ಅರ್ಜಿ ಹಾಕುವುದಕ್ಕಿಂತ ಆ ಪತ್ರಿಕೆ ಓದುತ್ತಿರುವ ವಿದ್ಯಾರ್ಥಿಯೂ ಜೊತೆಗಿದ್ದರೆ ಅರ್ಜಿಗೆ ತೂಕ ಹೆಚ್ಚು, ಏಕೆಂದರೆ ಸೆಮಿಸ್ಟರ್ ನಡುವೆ ಸಿಲಬಸ್ ಬದಲಾದರೆ ನೇರವಾಗಿ ಬಾಧೆಗೆ ಒಳಗಾಗುವವರು ಅವರೇ. ತಡ ಮಾಡಬೇಡಿ. ಪರೀಕ್ಷೆ ಮುಗಿದ ಮೇಲೆ ಹೋದರೆ ಅರ್ಜಿ ನಿರರ್ಥಕವಾಯಿತೆಂದು ವಿಲೇವಾರಿಯಾಗುವ ಸಾಧ್ಯತೆಯೇ ಹೆಚ್ಚು.

ಅದಕ್ಕೆ ಮೊದಲು ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಸಂಕಿರಣದ್ದಕ್ಕೂ ಘಟಕದ್ದಕ್ಕೂ ಬೇರೆ ಬೇರೆ ಅರ್ಜಿ ಹಾಕಿ, ಇಲ್ಲವಾದರೆ ಈ ಒಂದು ಕಾರಣಕ್ಕೇ ವಾಪಸ್ ಬರುತ್ತದೆ. "ಯಾಕೆ ತೆಗೆದಿರಿ" ಎಂದು ಪ್ರಶ್ನೆ ಕೇಳಿದರೆ "ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ" ಎಂಬ ಹಿಂಬರಹ ಸಿಗುತ್ತದೆ. ದಾಖಲೆಯನ್ನೇ ಕೇಳಿ: ಸದರಿ ಪತ್ರಿಕೆಯ ನಾಲ್ಕನೇ ಘಟಕಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳು, ಬಂದ ದೂರು ಅಥವಾ ಪತ್ರಗಳು, ಇಂಥ ದಿನದಿಂದ ಇಂಥ ದಿನದವರೆಗೆ. ಜೊತೆಗೆ 4(1)(ಡಿ) ಪ್ರಕರಣವನ್ನೂ ಹೆಸರಿಸಿ; ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸುವುದು ಅದರ ಪ್ರಕಾರ ಪ್ರಾಧಿಕಾರದ ಹೊಣೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. "ಅಂಥ ಯಾವ ದಾಖಲೆಯೂ ಲಭ್ಯವಿಲ್ಲ" ಎಂಬ ಉತ್ತರ ಬಂದರೆ ಬೇಸರಪಡಬೇಡಿ. ಘಟಕ ತೆಗೆಯಲು ಯಾವ ತೀರ್ಮಾನವೂ ಆಗಿಲ್ಲ ಎಂಬುದನ್ನು ವಿಶ್ವವಿದ್ಯಾಲಯವೇ ಬರೆದುಕೊಟ್ಟ ಹಾಗೆ ಅದು.

ಇನ್ನು ಒತ್ತಡದ ಬೇರಿನ ವಿಷಯ. ಫೋನ್ ಮಾಡಿದವರು ಒಬ್ಬ ಅಧಿಕಾರಿ. ಆ ಫೋನಿಗೆ ಬೆಲೆ ಬರುವುದು ಕುಲಪತಿ ಯಾರ ಋಣದಲ್ಲಿದ್ದಾರೆ ಎಂಬುದರಿಂದ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ 14ನೇ ಪ್ರಕರಣದಂತೆ ಶೋಧನಾ ಸಮಿತಿಯಲ್ಲಿ ನಾಲ್ವರು: ಕುಲಾಧಿಪತಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ರಾಜ್ಯ ಸರ್ಕಾರ, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ), ಇವರಿಂದ ತಲಾ ಒಬ್ಬರು. ಸಮಿತಿ ಕೊಟ್ಟ ಹೆಸರುಗಳಲ್ಲಿ ಒಬ್ಬರನ್ನು ಕುಲಾಧಿಪತಿಗಳಾದ ರಾಜ್ಯಪಾಲರು ಸರ್ಕಾರದ ಸಹಮತಿಯೊಂದಿಗೆ ನೇಮಿಸುತ್ತಾರೆ. ಸಿಂಡಿಕೇಟಿಗೂ ಸರ್ಕಾರವೇ ಸದಸ್ಯರನ್ನು ನಾಮನಿರ್ದೇಶನ ಮಾಡುವುದರಿಂದ ಸಿಂಡಿಕೇಟಿನ ಪ್ರತಿನಿಧಿಯೂ ಎಷ್ಟೋ ಸಲ ಸರ್ಕಾರದ ಇನ್ನೊಬ್ಬ ಪ್ರತಿನಿಧಿಯೇ ಆಗಿಬಿಡುತ್ತಾರೆ.

ಇಲ್ಲಿ ಹಿಡಿಯಬಹುದಾದ ಕೊಕ್ಕೆಗಳನ್ನು ಸುಪ್ರೀಂ ಕೋರ್ಟಿನ ಇತ್ತೀಚಿನ ತೀರ್ಪುಗಳೇ ಕೊಟ್ಟಿವೆ. 2022ರ ಮಾರ್ಚ್‌ನಲ್ಲಿ ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಕುಲಪತಿ ನೇಮಕ ರದ್ದಾಯಿತು. ಶೋಧನಾ ಸಮಿತಿ ಯುಜಿಸಿ ನಿಯಮದಂತೆ ಇರಲಿಲ್ಲ, ನೇಮಕಗೊಂಡವರಿಗೆ ಪ್ರಾಧ್ಯಾಪಕರಾಗಿ ಹತ್ತು ವರ್ಷದ ಅನುಭವವೂ ಇರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇರಳದ ಎ.ಪಿ.ಜೆ. ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ ನೇಮಕ ಬಿತ್ತು, ಸಮಿತಿ ಮೂರರಿಂದ ಐದು ಹೆಸರು ಕೊಡುವ ಬದಲು ಒಂದೇ ಹೆಸರು ಕೊಟ್ಟಿತ್ತು. 2023ರ ನವೆಂಬರ್ 30ರ ಕಣ್ಣೂರು ವಿಶ್ವವಿದ್ಯಾಲಯದ ತೀರ್ಪು ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರ. ಅಲ್ಲಿ ಕುಲಪತಿಯ ಮರುನೇಮಕ ಬಿದ್ದದ್ದು ಅರ್ಹತೆಯ ಕಾರಣಕ್ಕಲ್ಲ. ಉನ್ನತ ಶಿಕ್ಷಣ ಸಚಿವರ ಪತ್ರ, ಸರ್ಕಾರದ ಒತ್ತಾಯ, ಅದಕ್ಕೆ ಮಣಿದ ಕುಲಾಧಿಪತಿ. ತಮ್ಮ ಅಧಿಕಾರವನ್ನು ಅವರು ಬಿಟ್ಟುಕೊಟ್ಟರು ಎಂಬುದೇ ರದ್ದಿಗೆ ಕಾರಣವಾಯಿತು. ಇದೇ ತರ್ಕವನ್ನು ಮೌಖಿಕ ಸೂಚನೆಗೆ ಮಣಿದು ಪಠ್ಯ ತೆಗೆದ ಪ್ರಾಧಿಕಾರಕ್ಕೂ ಹಚ್ಚಿ ವಾದಿಸಬಹುದು.

ನಿಮ್ಮ ವಿಶ್ವವಿದ್ಯಾಲಯದಲ್ಲಿ ಕುಲಪತಿ ಹುದ್ದೆ ತೆರವಾಗುತ್ತಿದ್ದರೆ ಈಗಲೇ ಸಮಿತಿ ರಚನೆಯ ಆದೇಶ ತರಿಸಿಕೊಳ್ಳಿ. ಯುಜಿಸಿಯ 2018ರ ನಿಯಮ 7.3ರ ಪ್ರಕಾರ ಸಮಿತಿಯ ಸದಸ್ಯರು ಉನ್ನತ ಶಿಕ್ಷಣ ಕ್ಷೇತ್ರದ ಗಣ್ಯರಾಗಿರಬೇಕು, ಆ ವಿಶ್ವವಿದ್ಯಾಲಯದೊಂದಿಗಾಗಲಿ ಅದರ ಕಾಲೇಜುಗಳೊಂದಿಗಾಗಲಿ ಯಾವ ಸಂಬಂಧವೂ ಇರಬಾರದು. ನೇಮಕ ಆದ ಮೇಲೆ ಬೀದಿಗಿಳಿಯುವುದಕ್ಕಿಂತ ಸಮಿತಿ ರಚನೆಯಾದ ವಾರದಲ್ಲೇ ಆಕ್ಷೇಪಣೆ ಸಲ್ಲಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಕೋ ವಾರಂಟೊ ರಿಟ್ (ಯಾವ ಅಧಿಕಾರದಿಂದ ಆ ಹುದ್ದೆಯಲ್ಲಿದ್ದೀರಿ ಎಂದು ಪ್ರಶ್ನಿಸುವ ಅರ್ಜಿ) ಹಾಕಲು ನೀವೇ ಆಕಾಂಕ್ಷಿಯಾಗಿರಬೇಕೆಂದೇನೂ ಇಲ್ಲ.

---

ತುಂಗಾ ತೀರ ಉತ್ತರ:

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಇಬ್ಬರೂ ಕಾಯಂ ಅಧ್ಯಾಪಕರನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದಿದ್ದಾರೆ. ಮೇಷ್ಟ್ರು ಕೇಳಿದ ಅತಿಥಿ ಉಪನ್ಯಾಸಕರ ಪ್ರಶ್ನೆಗೆ ಯಾರೂ ಬಂದಿಲ್ಲ. ನನ್ನ ಪ್ರಕಾರ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸ್ವಾತಂತ್ರ್ಯ ಸೋರಿಹೋಗುತ್ತಿರುವುದು ಅಲ್ಲಿಂದಲೇ. ವರ್ಷಕ್ಕೊಮ್ಮೆ ಹೊಸದಾಗಿ ಅರ್ಜಿ ಹಾಕಬೇಕಾದವರನ್ನು ಯಾರೂ ಗದರಿಸಬೇಕಾಗಿಲ್ಲ. ಮುಂದಿನ ಪಟ್ಟಿಯಲ್ಲಿ ಹೆಸರು ಇರುತ್ತದೋ ಇಲ್ಲವೋ ಎಂಬ ಭಯವೇ ಬಾಯಿ ಮುಚ್ಚಿಸುತ್ತದೆ. ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಸಹಮತಿಗಾಗಿ ವರ್ಷಗಟ್ಟಲೆ ಕಾಯಿಸುವುದು ಹಣದ ವಿಷಯದಂತೆ ಕಾಣುತ್ತದೆ, ಅದರ ಫಲ ಮಾತ್ರ ತರಗತಿಯಲ್ಲಿ ಕಾಣಿಸಿಕೊಳ್ಳುತ್ತದೆ.

ತಕ್ಷಣ ಮಾಡಬಹುದಾದದ್ದು: ವಿವಾದಕ್ಕೆ ಸಿಕ್ಕ ಘಟಕವನ್ನು ಅತಿಥಿ ಉಪನ್ಯಾಸಕರಿಂದ ತೆಗೆದು ಕಾಯಂ ಪ್ರಾಧ್ಯಾಪಕರು ವಹಿಸಿಕೊಳ್ಳಲಿ. ಇದನ್ನು ವಿಭಾಗೀಯ ಮಂಡಳಿಯ ಸಭೆಯಲ್ಲಿ "ಕಾರ್ಯಭಾರ ಮರುಹಂಚಿಕೆ" ಎಂದು ದಾಖಲಿಸಿ, ಅತಿಥಿ ಉಪನ್ಯಾಸಕರ ಒಟ್ಟು ಗಂಟೆ ಕಡಿಮೆಯಾಗದಂತೆ ಬೇರೆ ಘಟಕ ಕೊಡಿ. ಗಂಟೆ ಕಡಿಮೆಯಾದರೆ ಸಂಬಳ ಕಡಿಮೆಯಾಗುತ್ತದೆ, ರಕ್ಷಣೆ ಮಾಡಲು ಹೋಗಿ ಶಿಕ್ಷೆ ಕೊಟ್ಟಂತಾಗುತ್ತದೆ. ಪಾಠದ ಯೋಜನೆ, ಓದಿನ ಪಟ್ಟಿ ಇವು ವಿಭಾಗದ ಹೆಸರಿನಲ್ಲಿ, ಮುಖ್ಯಸ್ಥರ ಸಹಿಯೊಂದಿಗೆ ಇರಲಿ; ವೈಯಕ್ತಿಕ ಟಿಪ್ಪಣಿಯಾಗಿ ಓಡಾಡುವುದು ಬೇಡ. ಇಷ್ಟಾದರೂ ನಡುವೆ ತೆಗೆದುಹಾಕಿದರೆ ಲಿಖಿತ ಕಾರಣ ಕೇಳಬೇಕು. ಕಾರಣದಲ್ಲಿ ನಡತೆಯ ಮೇಲೆ ಕಳಂಕ ಹೊರಿಸಿದ್ದರೆ, ನೇಮಕ ತಾತ್ಕಾಲಿಕವಾದರೂ ವಿಚಾರಣೆ ಇಲ್ಲದೆ ತೆಗೆಯುವಂತಿಲ್ಲ.

ಕುಲಪತಿ ನೇಮಕದ ಬಗ್ಗೆ ಅರ್ಜಿದಾರರ ಮಾತಿಗೆ ಒಂದು ಸೇರ್ಪಡೆ. ಯುಜಿಸಿ 2025ರ ಜನವರಿಯಲ್ಲಿ ಹೊರಡಿಸಿದ ಕರಡು ನಿಯಮ ಶೋಧನಾ ಸಮಿತಿಯಿಂದ ರಾಜ್ಯ ಸರ್ಕಾರದ ಪ್ರತಿನಿಧಿಯನ್ನೇ ಕೈಬಿಟ್ಟಿತು, ಉದ್ಯಮ ಮತ್ತು ಸಾರ್ವಜನಿಕ ಆಡಳಿತದಿಂದ ಬಂದವರೂ ಕುಲಪತಿ ಆಗಬಹುದು ಎಂದಿತು. ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಆರು ರಾಜ್ಯಗಳ ಪ್ರತಿನಿಧಿಗಳು ಸೇರಿ 15 ಅಂಶಗಳ ನಿರ್ಣಯ ಮಾಡಿ ಇದನ್ನು ವಿರೋಧಿಸಿದರು. ಇತ್ತ ನಮ್ಮಲ್ಲಿ 2024ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯನ್ನು ಕುಲಾಧಿಪತಿ ಮಾಡುವ ತಿದ್ದುಪಡಿಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ದೆಹಲಿಯ ಕೈಯೋ ವಿಧಾನಸೌಧದ ಕೈಯೋ ಎಂಬ ಈ ಹಗ್ಗಜಗ್ಗಾಟದಲ್ಲಿ ಅಧ್ಯಾಪಕರು ಒಂದು ಬದಿ ಹಿಡಿದರೆ ತಪ್ಪು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಕ್ಕೂಟ ವ್ಯವಸ್ಥೆಯ ದೃಷ್ಟಿಯಿಂದ ರಾಜ್ಯದ ವಾದದಲ್ಲಿ ಹುರುಳಿದೆ. ಆದರೆ ಸಿಂಡಿಕೇಟಿನಲ್ಲಿ ನಾಮನಿರ್ದೇಶಿತರು ಎಷ್ಟು, ಪ್ರಾಧ್ಯಾಪಕರು ಎಷ್ಟು, ಸರ್ಕಾರ ಬದಲಾದ ಕೂಡಲೇ ನಾಮನಿರ್ದೇಶಿತರನ್ನು ಬದಲಿಸಬಹುದೇ ಎಂಬ ಪ್ರಶ್ನೆಗಳು ಕುಲಾಧಿಪತಿ ಯಾರಾದರೂ ಹಾಗೆಯೇ ಉಳಿಯುತ್ತವೆ.

ಹಣದ ಮಾತನ್ನೂ ಆಡಲೇಬೇಕು. 2023ರಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಬಂದವು: ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಚಾಮರಾಜನಗರ, ಕೊಡಗು. ಹಾಸನ, ಚಾಮರಾಜನಗರ ಕೈತಪ್ಪಿದಾಗ ಮೈಸೂರು ವಿಶ್ವವಿದ್ಯಾಲಯಕ್ಕೆ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕಗಳು ಕಡಿಮೆಯಾದವು, ಪಿಂಚಣಿಯ ಹೊರೆ ಮಾತ್ರ ಹಾಗೆಯೇ ಉಳಿಯಿತು. 2025ರ ಫೆಬ್ರವರಿ ಹೊತ್ತಿಗೆ ಹೊಸ ವಿಶ್ವವಿದ್ಯಾಲಯಗಳನ್ನೇ ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಬಂತು. ಪಿಂಚಣಿ ಕೊಡಲು ಪ್ರತಿ ತಿಂಗಳು ಇಲಾಖೆಯ ಬಾಗಿಲಲ್ಲಿ ನಿಲ್ಲಬೇಕಾದ ಕುಲಪತಿಗೆ ಒಂದು ಫೋನ್ ಕರೆಗೆ ಇಲ್ಲ ಎನ್ನುವುದು ಎಷ್ಟು ಕಷ್ಟ ಯೋಚಿಸಿ. ಪಿಂಚಣಿಯನ್ನು ಸರ್ಕಾರವೇ ನೇರವಾಗಿ ವಹಿಸಿಕೊಳ್ಳಲಿ ಎಂಬ ಬೇಡಿಕೆ ಸ್ವಾಯತ್ತತೆಯ ಬೇಡಿಕೆಯೂ ಹೌದು.

---

ಬಯಲುಸೀಮೆ ಮೇಷ್ಟ್ರು:

ಮೂವರಿಗೂ ಧನ್ಯವಾದ. ಇನ್ನೆರಡು ಸಂದೇಹ. ಸರ್ಕಾರ ಹೇಳಿದ್ದೆಲ್ಲ ಹಸ್ತಕ್ಷೇಪವೇ? ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದಾಗಲೂ ಹೋದಾಗಲೂ ಸಿಲಬಸ್ ಬದಲಿಸಿದ್ದು ಸರ್ಕಾರದ ಆದೇಶದ ಮೇಲೆಯೇ ಅಲ್ಲವೇ? ಮತ್ತೆ ಆ ವಿಚಾರ ಸಂಕಿರಣ: "ಕಾನೂನು ಸುವ್ಯವಸ್ಥೆ ಸಮಸ್ಯೆ ಆಗುತ್ತದೆ" ಅನ್ನುತ್ತಿದ್ದಾರೆ.

---

ಎರಡನೇ ಬೆಂಚು ಉತ್ತರ:

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ ಸರ್. ಸರ್ಕಾರ ಹೇಳಿದ್ದೆಲ್ಲ ಹಸ್ತಕ್ಷೇಪವಲ್ಲ, ಹಾಗೆಂದು ವಾದಿಸಿದರೆ ನಮ್ಮ ಮಾತಿಗೆ ಬೆಲೆಯೂ ಉಳಿಯುವುದಿಲ್ಲ. ನೇಮಕಾತಿಯಲ್ಲಿ ಮೀಸಲಾತಿ ರೋಸ್ಟರ್ (ಹುದ್ದೆಗಳ ಸರದಿ ಪಟ್ಟಿ) ಪಾಲನೆ, ಲೆಕ್ಕಪರಿಶೋಧನೆ, ಪರೀಕ್ಷೆ ಮತ್ತು ಫಲಿತಾಂಶ ಸಮಯಕ್ಕೆ ಆಗುತ್ತಿದೆಯೇ ಎಂಬ ಪ್ರಶ್ನೆ, ಲೈಂಗಿಕ ಕಿರುಕುಳ ದೂರು ಸಮಿತಿ ಇದೆಯೇ ಎಂಬ ಪ್ರಶ್ನೆ, ಇವನ್ನು ಕೇಳುವ ಹಕ್ಕು ಸರ್ಕಾರಕ್ಕೂ ಸಾರ್ವಜನಿಕರಿಗೂ ಇದೆ. ಸ್ವಾಯತ್ತತೆಯ ಹೆಸರಿನಲ್ಲಿ ರೋಸ್ಟರ್ ತಪ್ಪಿಸಿದ ನಿದರ್ಶನಗಳು ಬಂದಾಗ ಜನ ಸರ್ಕಾರದ ಪರ ನಿಲ್ಲುವುದು ಸಹಜ.

ಪದವಿ ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಚೌಕಟ್ಟನ್ನು ಸರ್ಕಾರ ನಿರ್ಧರಿಸುವುದನ್ನು ಒಪ್ಪಬಹುದು. ಕರ್ನಾಟಕ 2021-22ರಲ್ಲಿ ಎನ್‌ಇಪಿ ಜಾರಿ ಮಾಡಿತು. 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಟು 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಎರಡೂ ಸಲ ಎಡವಿದ್ದು ಒಂದೇ ಕಡೆ. ಆದೇಶ ಬಂದದ್ದಕ್ಕೂ ತರಗತಿ ಶುರುವಾಗುವುದಕ್ಕೂ ನಡುವೆ ವಾರಗಳಷ್ಟೇ ಸಮಯ ಇತ್ತು. ಅಷ್ಟರಲ್ಲಿ ಅಧ್ಯಯನ ಮಂಡಳಿ ಕೂತು ಚರ್ಚಿಸಿ ಬರೆಯಲು ಸಾಧ್ಯವೇ ಇಲ್ಲ, ಆದ್ದರಿಂದ ಮೇಲಿನಿಂದ ಬಂದ ಮಾದರಿ ಪಠ್ಯಕ್ರಮಕ್ಕೆ ಒಂದೇ ಸಭೆಯಲ್ಲಿ ಸಹಿ ಬಿತ್ತು. ಯಾವ ಪಕ್ಷದ ಸರ್ಕಾರವಾದರೂ ಅವಸರ ಮಾಡಿದರೆ ಮಂಡಳಿ ಮುದ್ರೆ ಒತ್ತುವ ಕಚೇರಿಯಾಗುತ್ತದೆ. ಇಂಥ ಹೊತ್ತಿನಲ್ಲಿ ಮಂಡಳಿ ಮಾಡಬಹುದಾದ ಕೆಲಸವೆಂದರೆ ಚೌಕಟ್ಟನ್ನು ಒಪ್ಪಿ, ಘಟಕಗಳ ಒಳಗಿನ ವಿಷಯ ಮತ್ತು ಓದಿನ ಪಟ್ಟಿ ಮಂಡಳಿಯ ತೀರ್ಮಾನಕ್ಕೆ ಬಿಟ್ಟದ್ದು ಎಂದು ನಡಾವಳಿಯಲ್ಲೇ ಬರೆಯುವುದು, ಮೊದಲ ಎರಡು ಸೆಮಿಸ್ಟರ್‌ಗೆ ಮಾತ್ರ ಅನುಮೋದಿಸಿ ಉಳಿದದ್ದಕ್ಕೆ ಉಪಸಮಿತಿ ಮಾಡುವುದು.

ತಜ್ಞರ ಮಾತು ದಾಖಲಾಗಿದ್ದರೂ ಸೋಲುವುದುಂಟು ಎಂಬುದನ್ನೂ ಹೇಳಿಬಿಡುತ್ತೇನೆ. ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ಪದವಿಯಲ್ಲಿ ನಮ್ಮ ಎ.ಕೆ. ರಾಮಾನುಜನ್ ಅವರು ರಾಮಾಯಣಗಳ ಬಗ್ಗೆ ಬರೆದ ಪ್ರಬಂಧ ಇತ್ತು. ನಾಲ್ವರು ತಜ್ಞರ ಸಮಿತಿಯಲ್ಲಿ ಮೂವರು ಅದು ಇರಲಿ ಎಂದರು. 2011ರ ಅಕ್ಟೋಬರ್‌ನಲ್ಲಿ ಅಕಾಡೆಮಿಕ್ ಕೌನ್ಸಿಲ್ ಅದನ್ನು ತೆಗೆಯಿತು. ಆದರೂ ಆ ಮೂವರ ಅಭಿಪ್ರಾಯ ಬರಹದಲ್ಲಿ ಇದ್ದದ್ದರಿಂದಲೇ "ತಜ್ಞರು ಬೇಡವೆಂದರು" ಎಂದು ಹೇಳುವ ದಾರಿ ಯಾರಿಗೂ ಉಳಿಯಲಿಲ್ಲ.

---

ಅರ್ಜಿದಾರ ಉತ್ತರ:

ಸಂಕಿರಣದ ಬಗ್ಗೆ. ಸುವ್ಯವಸ್ಥೆಯ ಕಾರಣ ಹೇಳುವವರು ಯಾರು ಎಂಬುದನ್ನು ಮೊದಲು ಬಿಡಿಸಿಕೊಳ್ಳಿ. ಪೊಲೀಸರಾದರೆ ಅವರಿಂದ ಲಿಖಿತ ಆದೇಶ ಬರಬೇಕು. ನಿಷೇಧಾಜ್ಞೆ ಹೊರಡುವುದು ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 163ನೇ ಕಲಮಿನಡಿ, ಅಂದರೆ ಹಳೆಯ ಸಿಆರ್‌ಪಿಸಿಯ 144. 2020ರ ಅನುರಾಧಾ ಭಸಿನ್ ತೀರ್ಪಿನ ಪ್ರಕಾರ ಅಂಥ ಆದೇಶದಲ್ಲಿ ಸಂಗತಿಗಳನ್ನು ನಮೂದಿಸಬೇಕು, ನ್ಯಾಯಸಮ್ಮತ ಅಭಿಪ್ರಾಯವನ್ನು ಅಡಗಿಸಲು ಅದನ್ನು ಬಳಸುವಂತಿಲ್ಲ. ಪೊಲೀಸರು ಏನೂ ಬರೆದುಕೊಟ್ಟಿಲ್ಲವೆಂದರೆ ಅದು ವಿಶ್ವವಿದ್ಯಾಲಯದ ತೀರ್ಮಾನ, ಹಾಗೆಂದೇ ಪತ್ರದಲ್ಲಿ ಬರೆಯಿರಿ. ಬೆದರಿಕೆ ಬಂದಿದ್ದರೆ ಬೆದರಿಕೆ ಹಾಕಿದವರ ಮೇಲೆ ದೂರು ದಾಖಲಾಗಬೇಕು, ಸಭೆಗೆ ರಕ್ಷಣೆ ಕೋರಿ ಠಾಣೆಗೆ ಪತ್ರ ಹೋಗಬೇಕು.

ಸಭಾಂಗಣ ಕೊಡುವ ನಿಯಮವನ್ನು ಜಗಳವಿಲ್ಲದ ಕಾಲದಲ್ಲೇ ಸಿಂಡಿಕೇಟಿನಲ್ಲಿ ಒಪ್ಪಿಸಿಕೊಳ್ಳುವುದು ಒಳ್ಳೆಯದು: ಎಷ್ಟು ದಿನ ಮೊದಲು ಅರ್ಜಿ, ಎಷ್ಟು ಜನ, ಎಷ್ಟು ಹೊತ್ತಿನವರೆಗೆ, ಯಾರು ಹೊಣೆ. ವಿಷಯ ಏನು, ಭಾಷಣಕಾರರು ಯಾರು ಎಂಬುದು ಅನುಮತಿಯ ಮಾನದಂಡದಲ್ಲಿ ಇರಲೇಬಾರದು. ಹೀಗೊಂದು ನಿಯಮ ಇದ್ದ ಕಡೆ ಒಂದು ಗುಂಪಿಗೆ ಕೊಟ್ಟು ಇನ್ನೊಂದಕ್ಕೆ ನಿರಾಕರಿಸಿದರೆ ತಾರತಮ್ಯ ಎದ್ದು ಕಾಣುತ್ತದೆ.

ವಿದೇಶದ ವಿದ್ವಾಂಸರು ಬರುವುದಿದ್ದರೆ ಗೃಹ ಮತ್ತು ವಿದೇಶಾಂಗ ಸಚಿವಾಲಯದ ಅನುಮತಿಯ ಪ್ರಕ್ರಿಯೆ ಬೇರೆ ಇದೆ, ಅದನ್ನು ತಿಂಗಳುಗಳ ಮೊದಲೇ ಶುರುಮಾಡಬೇಕು. ಆನ್‌ಲೈನ್ ಸಭೆಗಳ ವಿಷಯದಲ್ಲಿ ಒಂದು ಒಳ್ಳೆಯ ನಿದರ್ಶನ ಇದೆ. 2021ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ, ದೇಶದ "ಆಂತರಿಕ ವಿಷಯ"ಗಳ ಮೇಲಿನ ಅಂತರರಾಷ್ಟ್ರೀಯ ವೆಬಿನಾರುಗಳಿಗೆ ಪೂರ್ವಾನುಮತಿ ಕಡ್ಡಾಯ ಮಾಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ದೆಹಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೂ ಪತ್ರ ಬರೆದು, ಇದರಿಂದ ವಿಜ್ಞಾನದ ಚರ್ಚೆಯೇ ನಿಲ್ಲುತ್ತದೆ ಎಂದು ಆಕ್ಷೇಪಿಸಿದವು. ಫೆಬ್ರವರಿ ಮುಗಿಯುವಷ್ಟರಲ್ಲಿ ಆ ಸೂಚನೆ ಹಿಂದೆ ಹೋಯಿತು. ಒಬ್ಬೊಬ್ಬರಾಗಿ ದೂರಿದ್ದರೆ ಅಷ್ಟು ಬೇಗ ಆಗುತ್ತಿರಲಿಲ್ಲ, ಹಾಗಾಗಿ ನಿಮ್ಮ ವಿಷಯದ ರಾಜ್ಯಮಟ್ಟದ ಅಧ್ಯಾಪಕರ ಸಂಘದಿಂದಲೂ ಒಂದು ಪತ್ರ ಹೊರಡಲಿ.

ಒಂದು ಎಚ್ಚರಿಕೆ. ಸಂಕಿರಣಕ್ಕೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅಧ್ಯಾಪಕರನ್ನು ಭಾಷಣಕ್ಕೆ ಕರೆದಿದ್ದರೆ ಅವರು ಸರ್ಕಾರಿ ನೌಕರರು, 2021ರ ಕರ್ನಾಟಕ ನಡತೆ ನಿಯಮಗಳು ಅವರಿಗೆ ಅನ್ವಯಿಸುತ್ತವೆ, ಸರ್ಕಾರದ ನೀತಿಯ ಬಹಿರಂಗ ಟೀಕೆಗೆ ಅಲ್ಲಿ ಕಡಿವಾಣ ಇದೆ. ವಿಶ್ವವಿದ್ಯಾಲಯದ ಅಧ್ಯಾಪಕರು ತಮ್ಮ ವಿಶ್ವವಿದ್ಯಾಲಯದ ಪರಿನಿಯಮಕ್ಕೆ ಒಳಪಟ್ಟವರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಆಹ್ವಾನಪತ್ರ ಅಚ್ಚು ಹಾಕಿಸಬೇಡಿ. ಕಾಲೇಜಿನವರ ಉಪನ್ಯಾಸದ ಶೀರ್ಷಿಕೆ ಶುದ್ಧ ಶೈಕ್ಷಣಿಕವಾಗಿರಲಿ, ಪ್ರಾಂಶುಪಾಲರ ಮೂಲಕ ಅನ್ಯ ಕಾರ್ಯ ನಿಮಿತ್ತ ರಜೆಯ ಆದೇಶ ಕೈಯಲ್ಲಿ ಇರಲಿ.

---

ಟಪಾಲು ಶಾಖೆ ಉತ್ತರ:

ಇನ್ನೊಂದು ಸಣ್ಣ ಸೇರ್ಪಡೆ ಮೇಷ್ಟ್ರೇ. ಅಧ್ಯಯನ ಮಂಡಳಿಯ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ರಚನಾ ಆದೇಶದಲ್ಲಿ ಇವತ್ತೇ ನೋಡಿ. ಪತ್ರಕ್ಕೆ ಉತ್ತರ ಕೊಡದೆ, ಅವಧಿ ಮುಗಿಯುವವರೆಗೆ ಕಾದು, ಹೊಸ ಮಂಡಳಿಯಿಂದ ಘಟಕ ತೆಗೆಸುವುದೂ ಒಂದು ಹಳೆಯ ದಾರಿ. ಅವಧಿ ಹತ್ತಿರವಿದ್ದರೆ ಈಗಿನ ಮಂಡಳಿಯ ಸಭೆ ಕರೆದು, ಸಿಲಬಸ್ ಪರಿಷ್ಕರಣೆ ಒಂದು ಪೂರ್ಣ ಬ್ಯಾಚ್ ಮುಗಿಯುವ ಮೊದಲು ಆಗಬಾರದು, ಆಗಬೇಕಾದರೂ ಹೊರಗಿನ ಇಬ್ಬರು ತಜ್ಞರ ಲಿಖಿತ ಅಭಿಪ್ರಾಯ ಪಡೆದೇ ಆಗಬೇಕು ಎಂಬ ನಿರ್ಣಯ ಮಾಡಿ ಪರಿಷತ್ತಿಗೆ ಕಳಿಸಿ. ಪರಿಷತ್ತು ಒಪ್ಪಿದರೆ ಹೊಸ ಮಂಡಳಿಯೂ ಆ ದಾರಿಯಲ್ಲೇ ಹೋಗಬೇಕಾಗುತ್ತದೆ. ಸಭೆಯ ನೋಟಿಸ್ ಮತ್ತು ಹಾಜರಾತಿ ಹಾಳೆಯ ಪ್ರತಿ ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಇರಲಿಲ್ಲ ಎಂಬ ತಕರಾರು ಆಮೇಲೆ ಏಳುತ್ತದೆ.